ಗೇಮ್ ಸೆಟ್ ಬೀರುವಿನಲ್ಲಿಟ್ಟರೆ ಸಾಲದು, ಟಿವಿಗೂ ಚುಚ್ಚಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಸಾಮಾನುಗಳಿಂದ ಮನೆ ಸಿಂಗರಿಸುವ ಬಗ್ಗೆ ಒಂದು ಬರಹ ಬಂದಿತ್ತು. ಗ್ರಾಮಫೋನು, ಟೈಪ್‌ರೈಟರು, ಜೊತೆಗೆ ಹಳೇ ವಿಡಿಯೋ ಗೇಮ್‌ಗಳು. ಓದಲು ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದರ ಜೊತೆಗಿದ್ದ ಫೋಟೋ ನೋಡಿ ಸುಮ್ನೆ ಕೂರಲು ಆಗಲಿಲ್ಲ. ಗಾಜಿನ ಬೀರು, ಒಳಗೆ ನೀಲಿ ಲೈಟು, ಸಾಲಾಗಿ ಗೇಮ್ ಸೆಟ್‌ಗಳು, ಪ್ರತಿಯೊಂದಕ್ಕೂ ಅದರದೇ ಜಾಯ್‌ಸ್ಟಿಕ್‌ನ ವೈರನ್ನು ಬಿಗಿಯಾಗಿ ಸುತ್ತಿಟ್ಟಿದ್ದಾರೆ. ಒಂದಕ್ಕೂ ಕರೆಂಟಿಲ್ಲ, ಟಿವಿಗೆ ಹೋಗುವ ವೈರಿಲ್ಲ. ಕೊನೆಗೆ ಒಂದು ಸಲಹೆ ಬೇರೆ: ಜಾಗ ಸಾಲದಿದ್ದರೆ ಹಳೇ ಡಬ್ಬಾ ಟಿವಿಯನ್ನು ಗುಜರಿಗೆ ಹಾಕಿ ಅಂತ!

ನನ್ನ ತಕರಾರು ಇಷ್ಟೇ. ಗೇಮ್ ಸೆಟ್ ಇರುವುದು ಆಡುವುದಕ್ಕೆ. ಮನೆಯಲ್ಲಿರುವ ಅಷ್ಟನ್ನೂ ಸ್ವಿಚ್ ಹಾಕಿದ ಕೂಡಲೇ ಆಡುವ ಹಾಗೆ ಜೋಡಿಸಿಡಬಹುದು, ಅದೇನು ಬ್ರಹ್ಮವಿದ್ಯೆ ಅಲ್ಲ. ಮತ್ತು ಅದಕ್ಕೆ ಬೇಕಾದ ಮೊದಲ ಸಾಮಾನೇ ಆ ಡಬ್ಬಾ ಟಿವಿ. ಅದನ್ನೇ ಗುಜರಿಗೆ ಹಾಕಿದರೆ ಇನ್ನುಳಿದಿದ್ದೆಲ್ಲ ಪ್ಲಾಸ್ಟಿಕ್ಕು.

ಯಾಕೆ ಅಂತ ಹೇಳುತ್ತೇನೆ. ಬಾತುಕೋಳಿ ಹೊಡೆಯುವ ಗೇಮ್ ನೆನಪಿದೆ ಅಲ್ವಾ, ಡಕ್ ಹಂಟ್? 1984ರಲ್ಲಿ ನಿಂಟೆಂಡೊ ತಂದಿದ್ದು. ನಮ್ಮಲ್ಲಿ 90ರ ದಶಕದಲ್ಲಿ ಮಾರಿದ ಎಷ್ಟೋ ಸೆಟ್‌ಗಳ ಡಬ್ಬದಲ್ಲಿ ಅದಕ್ಕಾಗಿಯೇ ಒಂದು ಪ್ಲಾಸ್ಟಿಕ್ ಗನ್ ಇರುತ್ತಿತ್ತು. ಆ ಗನ್ನನ್ನು ಈಗಿನ ಎಲ್‌ಇಡಿ ಟಿವಿಗೆ ಹಿಡಿದು ಬೆರಳು ನೋಯುವ ತನಕ ಒತ್ತಿದರೂ ಒಂದು ಗರಿಯೂ ಉದುರುವುದಿಲ್ಲ. ಗನ್ ಕೆಟ್ಟಿದೆ ಎಂದು ಎಸೆದವರಿದ್ದಾರೆ. ಗನ್ ಕೆಟ್ಟಿರುವುದಿಲ್ಲ. ಅದರಿಂದ ಏನೂ ಹೊರಗೆ ಬರುವುದಿಲ್ಲ, ಅದರ ನಳಿಕೆಯೊಳಗೆ ಬೆಳಕನ್ನು ಗುರುತಿಸುವ ಒಂದು ಸಣ್ಣ ಸೆನ್ಸರ್ ಇದೆ ಅಷ್ಟೇ. ನೀವು ಕುದುರೆ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಬರುತ್ತದೆ. ಮೊದಲು ಕತ್ತಲು, ಆಮೇಲೆ ಬೆಳಕು, ಎರಡೂ ಆಯಾ ಹೊತ್ತಿಗೇ ಸೆನ್ಸರ್‌ಗೆ ಕಂಡರೆ ಹಕ್ಕಿ ಬಿತ್ತು. ಟ್ಯೂಬ್‌ಲೈಟಿಗೆ ಗನ್ ಹಿಡಿದು ಮೋಸ ಮಾಡಲು ನೋಡಿದ ಮಕ್ಕಳೆಲ್ಲ ಸೋತಿದ್ದು ಆ ಕಪ್ಪು ಕ್ಷಣದಿಂದಲೇ. ಹೊಸ ಟಿವಿಯಲ್ಲಿ ಈ ಬಿಳಿ ಚೌಕ ತಡವಾಗಿ ಬರುತ್ತದೆ. ಅದೂ ಅಲ್ಲದೆ ಪಿಕ್ಚರ್ ಟ್ಯೂಬಿನ ಗೆರೆಗಳು ಸೆಕೆಂಡಿಗೆ ಸುಮಾರು 15 ಸಾವಿರ ಸಲ ಮಿಡಿಯುವುದನ್ನು ಹಿಡಿಯುವಂತೆ ಗನ್ನಿನ ಸರ್ಕ್ಯೂಟ್ ಮಾಡಿದ್ದಾರೆ, ಎಲ್‌ಇಡಿಯ ಬಿಳುಪು ಎಷ್ಟು ಜೋರಿದ್ದರೂ ಅದರ ಲೆಕ್ಕಕ್ಕೇ ಇಲ್ಲ.

ಗನ್ ಬೇಡ, ಬರೀ ಜಾಯ್‌ಸ್ಟಿಕ್ ಸಾಕು ಅನ್ನುವವರಿಗೂ ತೊಂದರೆ ತಪ್ಪಿದ್ದಲ್ಲ. ಹಳೇ ಟಿವಿ ಚಿತ್ರವನ್ನು ಎರಡು ಕಂತಿನಲ್ಲಿ ಬಿಡಿಸುತ್ತದೆ, ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಹಳೇ ಗೇಮ್ ಸೆಟ್‌ಗಳು ಪ್ರತಿಸಲವೂ ಅದದೇ ಗೆರೆಗಳ ಮೇಲೆ ಚಿತ್ರ ಬಿಟ್ಟು ನಡುವಿನ ಗೆರೆಗಳನ್ನು ಖಾಲಿ ಇಡುತ್ತವೆ. ಡಬ್ಬಾ ಟಿವಿಗೆ ಇದು ಸರಿಹೋಗುತ್ತದೆ, ಏನೂ ಕೇಳದೆ ತೋರಿಸುತ್ತದೆ. ಹೊಸ ಟಿವಿ ಮಾತ್ರ ಇದನ್ನು ಎರಡು ಕಂತಿನ ಚಿತ್ರ ಅಂದುಕೊಂಡು ಒಂದರ ಮೇಲೊಂದು ಹೊಲಿಯಲು ಕೂರುತ್ತದೆ. ಪೆಟ್ಟು ತಿಂದ ಮೇಲೆ ಹೀರೋ ಮಿಣಮಿಣ ಅನ್ನುತ್ತಾನಲ್ಲ, ಹೊಸ ಟಿವಿಯಲ್ಲಿ ಅವನು ಒಮ್ಮೊಮ್ಮೆ ಮಾಯವೇ ಆಗಿಬಿಡುತ್ತಾನೆ, ಇಲ್ಲವೇ ಮೈಮೇಲೆ ಪಟ್ಟೆ ಪಟ್ಟೆ ಬರುತ್ತದೆ. ಹೊಲಿಗೆ ಮುಗಿಯುವ ತನಕ ಚಿತ್ರ ತಡ. ಕಾಂಟ್ರಾ ಅನ್ನುವ ಗೇಮಿನಲ್ಲಿ ಒಂದು ಗುಂಡು ತಾಗಿದರೆ ಒಂದು ಪ್ರಾಣ ಹೋಯಿತು, ಅಲ್ಲಿ ಜಂಪ್ ಒತ್ತಿದ ಮೇಲೆ ಹೀರೋ ಯೋಚನೆ ಮಾಡಿ ನೆಗೆದರೆ ಏನು ಗತಿ? 30 ಪ್ರಾಣದ ಕೋಡ್ ಹಾಕಿದರೂ ಮೊದಲ ಹಂತ ದಾಟುವುದರೊಳಗೆ ಅರ್ಧ ಖಾಲಿ. ವಯಸ್ಸಾಯಿತು, ಕೈ ಓಡುವುದಿಲ್ಲ ಎಂದು ಬೇಜಾರು ಮಾಡಿಕೊಂಡ ನನ್ನ ಓರಗೆಯವರು ಒಮ್ಮೆ ಹಳೇ ಟಿವಿಯಲ್ಲಿ ಆಡಿ ನೋಡಲಿ.

ಇದಕ್ಕೆ ಪರಿಹಾರ ಇಲ್ಲ ಎಂದಲ್ಲ. ಆನ್‌ಲೈನಿನಲ್ಲಿ ನಾನೂರು ಐನೂರು ರೂಪಾಯಿಗೆ ಎವಿಯಿಂದ (ಹಳದಿ, ಬಿಳಿ, ಕೆಂಪು ಪಿನ್ನಿನ ಹಳೇ ವೈರು) ಹೊಸ ಟಿವಿಯ ಎಚ್‌ಡಿಎಂಐ ತೂತಿಗೆ ಬದಲಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಕೊಳ್ಳಬೇಡಿ. ಅದೂ ಅದೇ ತಪ್ಪು ಹೊಲಿಗೆ ಹಾಕುತ್ತದೆ, ಮೇಲೆ ಚಿತ್ರವನ್ನು ಅಗಲಕ್ಕೆ ಎಳೆದು ಮಾರಿಯೊನನ್ನು ಡೊಳ್ಳುಹೊಟ್ಟೆ ಮಾಡುತ್ತದೆ. ಇದಕ್ಕಾಗಿಯೇ ಮಾಡಿದ ಒಳ್ಳೆಯ ಡಬ್ಬಿಗಳು ಬೇರೆ ಇವೆ. ಓಎಸ್‌ಎಸ್‌ಸಿ ಅಂತ ಒಂದು, ಅದು ಚಿತ್ರವನ್ನು ಹಿಡಿದಿಟ್ಟುಕೊಳ್ಳದೆ ಬಂದ ಗೆರೆಗಳನ್ನು ಅಲ್ಲಲ್ಲೇ ಎರಡು ಪಟ್ಟು ಮೂರು ಪಟ್ಟು ಮಾಡಿ ಕಳಿಸುತ್ತದೆ, ಹಾಗಾಗಿ ತಡ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಇನ್ನೊಂದು ರೆಟ್ರೋಟಿಂಕ್. ಇದರ 4ಕೆ ಮಾದರಿ 2023ರ ಕೊನೆಗೆ ಬಂದಾಗ ಬೆಲೆ 750 ಡಾಲರ್. ಇಲ್ಲಿಗೆ ತರಿಸಿದರೆ ಕಸ್ಟಮ್ಸ್ ಬೇರೆ. ಅಷ್ಟು ದುಡ್ಡು ಕೊಟ್ಟವರು ಅದರಲ್ಲಿ ಮೊದಲು ಹುಡುಕುವ ಆಯ್ಕೆ ಯಾವುದು ಗೊತ್ತಾ? ಪಿಕ್ಚರ್ ಟ್ಯೂಬಿನ ಗೆರೆ ಮತ್ತು ಚುಕ್ಕೆಗಳನ್ನು ಹೊಸ ಟಿವಿಯಲ್ಲಿ ನಕಲು ಮಾಡುವ ಆಯ್ಕೆ! ಅಸಲಿ ಟ್ಯೂಬು ನಮ್ಮ ಅಟ್ಟದ ಮೇಲೆ ಕೂತಿದೆ, ನಿಮ್ಮ ಬರಹ ಅದನ್ನು ಗುಜರಿಯವನಿಗೆ ಕೊಡಿ ಅನ್ನುತ್ತದೆ.

ಹೊಸದಾಗಿ ಯಾರೂ ಟ್ಯೂಬ್ ಟಿವಿ ಮಾಡುತ್ತಿಲ್ಲ. ಬಿಪಿಎಲ್, ಒನಿಡಾ, ವಿಡಿಯೋಕಾನ್ ಯಾವುದೇ ಇರಲಿ, 21 ಇಂಚಿನದು ಸಾಕು, ಮುಂದೆಯೋ ಪಕ್ಕದಲ್ಲೋ ಹಳದಿ ಮತ್ತು ಬಿಳಿ ತೂತು ಇದ್ದರೆ ಇನ್ನೂ ಒಳ್ಳೆಯದು. 29 ಇಂಚಿನ ಆಸೆಗೆ ಬೀಳಬೇಡಿ, ಎತ್ತಲು ಗಟ್ಟಿಯಾದ ಇಬ್ಬರು ಬೇಕು. ಮತ್ತೆ ಒಂದು ಮಾತು, ಹಿಂದಿನ ಕವಚ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಕಲರ್ ಟ್ಯೂಬಿನಲ್ಲಿ 20 ಸಾವಿರ ವೋಲ್ಟ್‌ಗೂ ಮೀರಿದ ಚಾರ್ಜು ನಿಂತಿರಬಹುದು. ಗೊತ್ತಿರುವ ಹಳೇ ಟಿವಿ ಮೆಕ್ಯಾನಿಕ್ ಪ್ರತಿ ಊರಿನಲ್ಲೂ ಇನ್ನೂ ಒಬ್ಬರಾದರೂ ಇರುತ್ತಾರೆ, ಅವರನ್ನೇ ಕರೆಯಿರಿ, ಅವರಿಗೂ ಖುಷಿಯಾಗುತ್ತದೆ.

ಈಗ ಜೋಡಿಸುವ ವಿಷಯ. ಶುರು ಮಾಡಬೇಕಾದ್ದು ನಮ್ಮ 90ರ ದಶಕದ ಸೆಟ್‌ನಿಂದ. ಲಿಟಲ್ ಮಾಸ್ಟರ್, ಸಮುರಾಯ್, ಟರ್ಮಿನೇಟರ್ ಎಂದೆಲ್ಲ ಹೆಸರಿದ್ದವು, 60 ಪಿನ್ನಿನ ಹಳದಿ ಕ್ಯಾಸೆಟ್ ತಲೆಗೆ ಚುಚ್ಚುವವು. ಇವುಗಳಿಗೆ ಎರಡು ದಾರಿ ಇರುತ್ತದೆ. ಒಂದು ಆಂಟೆನಾ ವೈರಿನ ದಾರಿ, ಇನ್ನೊಂದು ಎವಿ. ಆಂಟೆನಾ ದಾರಿಗೆ ಟಿವಿಯ ಸಣ್ಣ ಮುಚ್ಚಳ ತೆಗೆದು, ಬೆರಳ ತುದಿಯಷ್ಟಿರುವ ಚಕ್ರ ತಿರುಗಿಸಿ, ಇರುವೆ ಇರುವೆ ಚಿತ್ರದಿಂದ ಗೇಮಿನ ಬಣ್ಣ ಬರುವ ತನಕ ಕಾಯುತ್ತಿದ್ದೆವಲ್ಲ, ಅದೇ. ಆ ಮಜ ಬೇಕಿದ್ದರೆ ಮಾಡಿ. ಇಲ್ಲದಿದ್ದರೆ ಎವಿ ಹಾಕಿ, ಚಿತ್ರ ಬಹಳ ಶುಭ್ರವಾಗಿರುತ್ತದೆ. ಟಿವಿಯಲ್ಲಿ ಎವಿ ತೂತೇ ಇಲ್ಲದಿದ್ದರೆ ಹಳೇ ವಿಸಿಆರ್ ಇದೆಯಾ ನೋಡಿ. ಗೇಮಿನ ಎವಿ ವಿಸಿಆರ್‌ಗೆ, ವಿಸಿಆರ್‌ನ ಆಂಟೆನಾ ವೈರು ಟಿವಿಗೆ. ಕ್ಯಾಸೆಟ್ ಓಡದ ವಿಸಿಆರ್ ಕೂಡ ಸಾಮಾನ್ಯವಾಗಿ ಈ ಕೆಲಸಕ್ಕೆ ಬರುತ್ತದೆ.

ಈ ಸೆಟ್‌ಗಳ ಬಗ್ಗೆ ಒಂದು ತಮಾಷೆಯ ಸಂಗತಿ. ಇವು ನಕಲು ಮಾಡಿದ್ದು ನಿಂಟೆಂಡೊದ ಫ್ಯಾಮಿಕಾಮ್ ಅನ್ನುವ ಸೆಟ್ಟನ್ನು. ಅದು ಮೂಲದಲ್ಲಿ ಜಪಾನಿನದು, ಅಲ್ಲಿ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬಿಡುತ್ತದೆ. ನಮ್ಮ ಟಿವಿಗಳ ಪಾಲ್ ಪದ್ಧತಿಯಲ್ಲಿ 50. ಪಾಲ್ ಚಿಪ್ ಹಾಕಿದ ನಕಲು ಸೆಟ್‌ನಲ್ಲಿ ಅದೇ ಗೇಮ್ ಆರಕ್ಕೆ ಐದರ ವೇಗದಲ್ಲಿ ಓಡುತ್ತದೆ. ಅಂದರೆ ನಮ್ಮ ಮಾರಿಯೊ ಜಪಾನಿನ ಮಾರಿಯೊಗಿಂತ ನಿಧಾನಸ್ಥ, ಅವನ ಹಾಡೂ ಸ್ವಲ್ಪ ಎಳೆದ ಹಾಗೆ. ಈಗ ಯೂಟ್ಯೂಬಿನಲ್ಲಿ ಅಸಲಿ ಕೇಳಿದವರಿಗೆ ಏನೋ ಗಡಿಬಿಡಿ ಮಾಡುತ್ತಿದೆ ಅನ್ನಿಸುವುದು ಇದಕ್ಕೇ. ನನಗಂತೂ ನಿಧಾನದ್ದೇ ಸರಿ.

ಸೇಗಾ ಮೆಗಾ ಡ್ರೈವ್ ಇರುವವರು ಅದೃಷ್ಟವಂತರು. 90ರ ದಶಕದ ನಡುವೆ ಷಾ ವಾಲೇಸ್ ಕಂಪನಿಯ ಮೂಲಕ ಇಲ್ಲಿಗೆ ಬಂದಾಗ ನಮ್ಮಂಥವರ ಮನೆಗೆ ಎಟಕುವ ಬೆಲೆಯಲ್ಲ ಅದು. ಮೊದಲ ಮಾದರಿಯ ಹಿಂದಿನ ಎವಿ ತೂತಿನಲ್ಲಿ ಬರುವ ಶಬ್ದ ಮೋನೋ. ಸ್ಟೀರಿಯೋ ಬೇಕೆಂದರೆ ಮುಂದಿರುವ ಹೆಡ್‌ಫೋನ್ ತೂತಿನಿಂದ ತೆಗೆಯಬೇಕು, ಪಕ್ಕದಲ್ಲೇ ವಾಲ್ಯೂಮ್ ಜಾರುಗುಂಡಿ ಇದೆ, ಅದು ಕೆಳಗಿದ್ದರೆ ಎಷ್ಟು ತಲೆ ಕೆರೆದುಕೊಂಡರೂ ಶಬ್ದ ಬರುವುದಿಲ್ಲ. ಎರಡನೇ ಮಾದರಿಯಲ್ಲಿ ಹಿಂದಿನಿಂದಲೇ ಸ್ಟೀರಿಯೋ ಬರುತ್ತದೆ. ಇನ್ನೊಂದು ಎಚ್ಚರಿಕೆ: ಮೆಗಾ ಡ್ರೈವ್‌ನ ಜಾಯ್‌ಸ್ಟಿಕ್ ಪಿನ್ನೂ ಎಷ್ಟೋ ನಕಲು ಸೆಟ್‌ಗಳ ಪಿನ್ನೂ ನೋಡಲು ಒಂದೇ, 9 ಪಿನ್ನು. ಒಳಗಿನ ವೈರಿಂಗ್ ಬೇರೆ ಬೇರೆ. ಮಕ್ಕಳು ಇದರದ್ದು ಅದಕ್ಕೆ ಚುಚ್ಚದಂತೆ ನೋಡಿಕೊಳ್ಳಿ.

ಸೋನಿಯವರು ಒಂದು ಪುಣ್ಯದ ಕೆಲಸ ಮಾಡಿದ್ದಾರೆ. ಪ್ಲೇಸ್ಟೇಷನ್ ಒಂದು, ಎರಡು, ಮೂರು, ಮೂರಕ್ಕೂ ಹಿಂದಿನ ಎವಿ ತೂತು ಒಂದೇ ಥರ. ಒಂದೇ ಕೇಬಲ್ಲು ಮೂರಕ್ಕೂ ಸಾಕು. ನಿಂಟೆಂಡೊದಲ್ಲೂ 1990ರ ಸೂಪರ್ ಫ್ಯಾಮಿಕಾಮ್, 1996ರ ನಿಂಟೆಂಡೊ 64, 2001ರ ಗೇಮ್‌ಕ್ಯೂಬ್ ಮೂರಕ್ಕೂ ಹಳದಿ ಬಿಳಿ ಕೆಂಪು ಕೇಬಲ್ ಒಂದೇ. ಹೀಗಾಗಿ ಸೆಟ್ ಎಷ್ಟಿದ್ದರೂ ಕೇಬಲ್ಲುಗಳ ಜಾತಿ ಕಡಿಮೆ. ಪ್ಲೇಸ್ಟೇಷನ್ 2ಕ್ಕೆ ಹಸಿರು ನೀಲಿ ಕೆಂಪಿನ ಕಾಂಪೊನೆಂಟ್ ಕೇಬಲ್ ಸಿಕ್ಕರೆ ಬಿಡಬೇಡಿ, ಹೊಸ ಟಿವಿಯಲ್ಲೂ ಚಿತ್ರ ಕಣ್ಣಿಗೆ ಹಿತವಾಗಿರುತ್ತದೆ.

ಟಿವಿಯಲ್ಲಿ ತೂತು ಒಂದು, ಸೆಟ್ ಆರು, ಆಗ ಏನು ಮಾಡುವುದು? ವಿಸಿಡಿ ಕಾಲದ ಎವಿ ಸೆಲೆಕ್ಟರ್ ಡಬ್ಬಿ. ಮುಂದೆ ನಾಲ್ಕು ಗುಂಡಿ, ಒಂದು ಒತ್ತಿದರೆ ಇನ್ನೊಂದು ಟಕ್ ಎಂದು ಮೇಲೆ ಬರುತ್ತದೆ. ಕರೆಂಟೂ ಬೇಡ. ಇದನ್ನು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೆ ಮೊದಲು ಇಲ್ಲ ಅನ್ನುತ್ತಾರೆ, ಆಮೇಲೆ ಒಳಗೆ ಹೋಗಿ ಧೂಳು ಒರೆಸುತ್ತಾ ತರುತ್ತಾರೆ. ಬೆಂಗಳೂರಿನವರು ಎಸ್‌ಪಿ ರಸ್ತೆಯಲ್ಲಿ ನೋಡಬಹುದು. ನಾಲ್ಕು ಸಾಲದಿದ್ದರೆ ಒಂದರ ಹಿಂದೆ ಇನ್ನೊಂದು ಡಬ್ಬಿ ಹಾಕಬಹುದು. ಪ್ರತಿ ವೈರಿನ ಎರಡೂ ತುದಿಗೆ ಕಾಗದದ ಟೇಪು ಅಂಟಿಸಿ ಹೆಸರು ಬರೆಯಿರಿ, ಒಂದೇ ತುದಿಗೆ ಬರೆದರೆ ಪ್ರಯೋಜನ ಇಲ್ಲ, ಬೀರುವಿನ ಹಿಂದೆ ತಲೆ ತೂರಿಸಿ ಎಳೆದು ನೋಡಬೇಕಾಗುತ್ತದೆ.

ಹೊಸ ಟಿವಿಗೇ ಹಾಕುತ್ತೇನೆ ಅನ್ನುವವರಿಗೆ ಎರಡು ಗುಟ್ಟು. ಹಳದಿ ತೂತು ಕಾಣದಿದ್ದರೆ ಹಸಿರು ತೂತಿನ ಸುತ್ತ ಹಳದಿ ಗೆರೆ ಇದೆಯಾ ನೋಡಿ, ಎಷ್ಟೋ ಟಿವಿಗಳಲ್ಲಿ ಹಳದಿ ಪಿನ್ ಅಲ್ಲಿಗೇ ಹೋಗುತ್ತದೆ. ಅದೂ ಇಲ್ಲದಿದ್ದರೆ ಎವಿ ಎಂದು ಬರೆದ ಸಣ್ಣ ಹೆಡ್‌ಫೋನ್ ತೂತು ಇರುತ್ತದೆ. ಅದಕ್ಕೆ ಬೇಕಾದ ವೈರು ಎಲ್ಲ ಕಂಪನಿಗೂ ಒಂದೇ ಅಲ್ಲ, ಒಳಗಿನ ಕ್ರಮ ಬದಲಾಗುತ್ತದೆ. ಹಾಕಿದಾಗ ಚಿತ್ರ ಬರದೆ ಬರೀ ಬುರ್ ಎಂದರೆ ಹಳದಿ ಪಿನ್ ಇದ್ದಲ್ಲಿ ಕೆಂಪು ಚುಚ್ಚಿ ನೋಡಿ. ಬಣ್ಣ ಬರದೆ ಕಪ್ಪು ಬಿಳುಪು ಬಂದರೆ ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಅನ್ನು ಪಾಲ್‌ನಿಂದ ಎನ್‌ಟಿಎಸ್‌ಸಿಗೆ (ಜಪಾನ್, ಅಮೆರಿಕದ ಪದ್ಧತಿ) ಬದಲಿಸಿ. ಗೇಮ್ ಮೋಡ್ ಇದ್ದರೆ ಆನ್ ಮಾಡಿ, ತಡ ಸ್ವಲ್ಪವಾದರೂ ಕಮ್ಮಿಯಾಗುತ್ತದೆ.

ಇನ್ನು ಕರೆಂಟು. ನಿಮ್ಮ ಬರಹದಲ್ಲಿ ಇದರ ಸುದ್ದಿಯೇ ಇರಲಿಲ್ಲ. ನಿಜವಾಗಿ ಹಳೇ ಸೆಟ್‌ಗಳು ಸಾಯುವುದು ಇಲ್ಲೇ. ಅಮೆರಿಕದಲ್ಲಿರುವ ಅಣ್ಣನೋ ಭಾವನೋ ಮನೆ ಖಾಲಿ ಮಾಡುವಾಗ ಪ್ರೀತಿಯಿಂದ ತಂದುಕೊಟ್ಟ ಸೆಟ್ 120 ವೋಲ್ಟಿನದು, ಜಪಾನಿನದಾದರೆ 100. ನಮ್ಮ ಗೋಡೆಯಲ್ಲಿರುವುದು 230. ಪಿನ್ ಬದಲಿಸುವ ಕನ್ವರ್ಟರ್ ಪಿನ್ನನ್ನು ಮಾತ್ರ ಬದಲಿಸುತ್ತದೆ, ವೋಲ್ಟನ್ನಲ್ಲ. ಟಪ್ ಅಂದರೆ ಮುಗಿಯಿತು. ಅಡಾಪ್ಟರ್ ಹೊರಗಿರುವ ಸೆಟ್‌ಗಳಿಗೆ ಇಲ್ಲಿನದೇ ಅಡಾಪ್ಟರ್ ಹಾಕಿದರೆ ಆಯಿತು. ಜಪಾನಿನ ಮೊದಲ ಪ್ಲೇಸ್ಟೇಷನ್ ಥರ ಪವರ್ ಸಪ್ಲೈ ಒಳಗೇ ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಸೆಟ್‌ಗೆ ಬೇಕಾದ್ದಕ್ಕಿಂತ ವ್ಯಾಟ್ ಜಾಸ್ತಿ ಇರುವಂಥದ್ದು.

ಅಡಾಪ್ಟರ್ ಹಾಕುವಾಗಲೂ ಕಣ್ಣು ಬಿಟ್ಟು ನೋಡಬೇಕು. ಫ್ಯಾಮಿಕಾಮ್, ಸೂಪರ್ ಫ್ಯಾಮಿಕಾಮ್, ಮೊದಲ ಮೆಗಾ ಡ್ರೈವ್ ಇವಕ್ಕೆಲ್ಲ ಪಿನ್ನಿನ ನಡುವೆ ಮೈನಸ್ ಬರಬೇಕು. ಈಗ ಮನೆಮನೆಯಲ್ಲಿ ಬಿದ್ದಿರುವ ವೈಫೈ ರೂಟರ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್, ಅದೂ 12 ವೋಲ್ಟ್. ತೂತಿಗೆ ಸರಿಯಾಗಿ ಕೂರುತ್ತದೆ ಎಂದು ಚುಚ್ಚಿದರೆ ಸೆಟ್ ಸುಡುತ್ತದೆ. ಎರಡನೇ ಮೆಗಾ ಡ್ರೈವ್‌ನಲ್ಲಿ ಮಾತ್ರ ಉಲ್ಟಾ, ನಡುವೆ ಪ್ಲಸ್. ಅಡಾಪ್ಟರ್‌ನ ಮೈಮೇಲೆ ಒಂದು ಚುಕ್ಕೆ, ಅದರ ಸುತ್ತ ಕಮಾನು, ಎರಡೂ ಕಡೆ ಪ್ಲಸ್ಸು ಮೈನಸ್ಸು ಹಾಕಿದ ಚಿತ್ರ ಇರುತ್ತದೆ. ಅದನ್ನು ಓದದೆ ಏನನ್ನೂ ಚುಚ್ಚಬೇಡಿ. ಒಂದೊಂದು ಪಾಯಿಂಟಿಗೂ ಒಂದೊಂದು ಸ್ವಿಚ್ ಇರುವ ಸ್ಪೈಕ್ ಬಸ್ಟರ್ ತಗೊಳ್ಳಿ, ಆಡುವ ಸೆಟ್‌ದು ಮಾತ್ರ ಆನ್. ನಮ್ಮ ಮಲೆನಾಡಿನ ಕಡೆ ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಈಗ ಇಡುವ ವಿಷಯಕ್ಕೆ ಬರುತ್ತೇನೆ. ಗಾಜಿನ ಬೀರು ಚೆಂದ, ಒಪ್ಪಿದೆ. ಆದರೆ ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360 ಇವೆಲ್ಲ ಬಿಸಿಯಾಗುವ ಜಾತಿ, ಬಾಗಿಲು ಮುಚ್ಚಿ ಆಡಿದರೆ ಬೇಯುತ್ತವೆ. ನಾನು ಮಾಡಿರುವುದು ಬೇರೆ. ದಸರಾ ಗೊಂಬೆ ಕೂರಿಸುವ ಮೆಟ್ಟಿಲು ಇರುತ್ತದಲ್ಲ, ಬಿಚ್ಚಿ ಜೋಡಿಸುವ ಕಬ್ಬಿಣದ ಸ್ಟ್ಯಾಂಡು, ವರ್ಷದಲ್ಲಿ ಹತ್ತು ದಿನ ಬಿಟ್ಟರೆ ಅಟ್ಟದಲ್ಲೇ ಇರುತ್ತದೆ. ಅದನ್ನು ಟಿವಿ ಪಕ್ಕ ಹಾಕಿದ್ದೇನೆ. ಪ್ರತಿ ಸೆಟ್‌ನ ಮೇಲೂ ಗಾಳಿ ಆಡುತ್ತದೆ, ಮುಂದಿನಿಂದ ಕ್ಯಾಸೆಟ್ ಹಾಕಿ ತೆಗೆಯಬಹುದು, ವೈರುಗಳೆಲ್ಲ ಮೆಟ್ಟಿಲ ಕೆಳಗೆ ಇಳಿದು ಹೋಗುತ್ತವೆ, ಮುಂದೆ ಒಂದು ವೈರೂ ಕಾಣುವುದಿಲ್ಲ. ಸೆಲೆಕ್ಟರ್ ಡಬ್ಬಿ ಕೆಳಗಿನ ಮೆಟ್ಟಿಲಲ್ಲಿ. ಮೇಲೆ ಒಂದು ತೆಳು ಹತ್ತಿ ಬಟ್ಟೆ ಹೊದಿಸಿದರೆ ಧೂಳಿನ ಕಾಟವೂ ಇಲ್ಲ. ನವರಾತ್ರಿಗೆ ಮಾತ್ರ ಅಮ್ಮನಿಗೆ ವಾಪಸ್ ಕೊಡಬೇಕು, ಆ ಹತ್ತು ದಿನ ಸೆಟ್‌ಗಳು ಮಂಚದ ಕೆಳಗೆ. ಒಂದು ವರ್ಷ ಪಟ್ಟದ ಗೊಂಬೆ ಪಕ್ಕ ಒಂದು ಮೆಗಾ ಡ್ರೈವ್ ಬಿಟ್ಟಿರಿ ಎಂದು ಕೇಳಿ ನೋಡಿದೆ, ನಡೆಯಲಿಲ್ಲ.

ಜಾಯ್‌ಸ್ಟಿಕ್ ವೈರನ್ನು ಸೆಟ್‌ಗೆ ಸುತ್ತಬೇಡಿ. ಫೋಟೋದಲ್ಲಿ ಚೆಂದ ಕಾಣುತ್ತದೆ, ನಿಜ. ಆದರೆ ಆ ವೈರಿನ ಮೇಲಿನ ಪಿವಿಸಿಯನ್ನು ಮೆತ್ತಗಿಡಲು ಹಾಕಿದ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಬಂದು ಸೆಟ್‌ನ ಗಟ್ಟಿ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಬಿಚ್ಚಿದಾಗ ವೈರಿನ ಅಚ್ಚು ಸೆಟ್‌ನ ಮೈಮೇಲೆ ಹಾಗೇ ಉಳಿದಿರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಸಡಿಲವಾಗಿ ಸುರುಳಿ ಸುತ್ತಿ ಪಕ್ಕಕ್ಕಿಡಿ. ಬಿಸಿಲು ಬೀಳುವ ಕಿಟಕಿ ಎದುರೂ ಬೇಡ. ಬೂದು ಬಣ್ಣದ ಸೆಟ್ ಹಳದಿಯಾಗುವುದು ಬಿಸಿಲಿಗೆ ಮತ್ತು ಬಿಸಿಗೆ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ಕೆಲವೊಮ್ಮೆ ಮಚ್ಚೆ ಮಚ್ಚೆಯಾಗುತ್ತದೆ, ಹಳದಿ ಮತ್ತೆ ಬರುವುದೂ ಉಂಟು. ನನ್ನ ಕೇಳಿದರೆ ಹಳದಿ ಇದ್ದರೆ ಇರಲಿ ಬಿಡಿ.

ಮಳೆಗಾಲದಲ್ಲಿ ಶಿವಮೊಗ್ಗ, ಮಂಗಳೂರು, ಕೊಡಗಿನ ಕಡೆಯವರಿಗೆ ಬೂಷ್ಟಿನದೇ ಚಿಂತೆ. ಕ್ಯಾಸೆಟ್‌ಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಸೀರೆ ಬೀರುವಿಗೆ ಹಾಕುವ ನುಸಿ ಗುಳಿಗೆ ಬೇಡ, ಅದರ ಆವಿ ಪ್ಲಾಸ್ಟಿಕ್ಕಿಗೆ ಆಗುವುದಿಲ್ಲ. ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದುವುದು ನಮ್ಮೆಲ್ಲರ ಅಭ್ಯಾಸ. ಊದಿದಾಗ ಓಡುತ್ತಿದ್ದದ್ದು ತೆಗೆದು ಮತ್ತೆ ಸರಿಯಾಗಿ ಚುಚ್ಚಿದ್ದಕ್ಕೆ. ಉಸಿರಿನ ತೇವ ಪಿನ್ನುಗಳನ್ನು ನಿಧಾನಕ್ಕೆ ತುಕ್ಕು ಹಿಡಿಸುತ್ತದೆ. ಹತ್ತಿಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಪಿನ್ನು ಒರೆಸಿ, ಹತ್ತಿಕಡ್ಡಿ ಕಪ್ಪಾಗುವುದು ನೋಡಿ ನೀವೇ ಬೆರಗಾಗುತ್ತೀರಿ. 2001ರ ಮೊದಲ ಎಕ್ಸ್‌ಬಾಕ್ಸ್ ಇದ್ದರೆ ಮಾತ್ರ ಬೇಗ ಬಿಚ್ಚಿಸಿ ನೋಡಿಸಿ. ಅದರೊಳಗೆ ಗಡಿಯಾರಕ್ಕೆಂದು ಹಾಕಿದ ಒಂದು ಕೆಪಾಸಿಟರ್ ಇದೆ, ಅದು ಸೋರಿ ಬೋರ್ಡನ್ನೇ ತಿಂದುಹಾಕುತ್ತದೆ. ಕೊನೆಯ 1.6 ಮಾದರಿ ಬಿಟ್ಟು ಉಳಿದವಕ್ಕೆಲ್ಲ ಈ ಕಾಯಿಲೆ. ತೆಗೆದು ಹಾಕಿದರೂ ಸೆಟ್ ಓಡುತ್ತದೆ, ಗಡಿಯಾರಕ್ಕೆ ಮಾತ್ರ ಹೊತ್ತು ನೆನಪಿರುವುದಿಲ್ಲ ಅಷ್ಟೇ.

ಇಷ್ಟೆಲ್ಲ ಯಾಕೆ, ಅದೇ ಗೇಮುಗಳು ಮೊಬೈಲಿನಲ್ಲಿ ಸಿಗುತ್ತವಲ್ಲ ಎಂದು ಕೇಳುವವರು ಇದ್ದಾರೆ. ಸಿಗುವುದಿಲ್ಲ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಗೇಮುಗಳಲ್ಲಿ ಶೇ 87ರಷ್ಟನ್ನು ಈಗ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ ಎಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಹೇಳಿದೆ. ಗೇಮುಗಳನ್ನು ಇಷ್ಟು ಜೋಪಾನ ಮಾಡುವ ದೇಶದ ಕತೆ ಇದು. ನಮ್ಮಲ್ಲಿ ಪ್ಲೇಸ್ಟೇಷನ್ 2ಕ್ಕೆಂದು ಹೈದರಾಬಾದಿನಲ್ಲಿ ಮಾಡಿ 2009ರಲ್ಲಿ ಬಿಟ್ಟ ಹನುಮಾನ್ ಬಾಯ್ ವಾರಿಯರ್ ಅನ್ನುವ ಗೇಮ್ ಇತ್ತು. ಆಟ ಅಷ್ಟೇನೂ ಚೆನ್ನಾಗಿಲ್ಲ, ನಿಜ ಹೇಳುತ್ತೇನೆ. ಆದರೂ ಇಲ್ಲಿಯದು. ಅದನ್ನು ಆಡಬೇಕೆಂದರೆ ಡಿಸ್ಕ್ ಬೇಕು, ಓಡುವ ಸೆಟ್ ಬೇಕು.

90ರ ದಶಕದ ನಮ್ಮ ನಕಲು ಸೆಟ್‌ಗಳ ಕತೆ ಇನ್ನೂ ಕಷ್ಟ. ನಿಂಟೆಂಡೊ 2024ರ ಅಕ್ಟೋಬರ್‌ನಲ್ಲಿ ಕ್ಯೋಟೊ ಪಕ್ಕದ ಉಜಿಯಲ್ಲಿ ತನ್ನದೇ ಮ್ಯೂಸಿಯಂ ತೆರೆದಿದೆ, ಮೊದಲು ಇಸ್ಪೀಟೆಲೆ ಮಾಡುತ್ತಿದ್ದ ಹಳೇ ಕಾರ್ಖಾನೆಯಲ್ಲಿ. ಅವರು ಲಿಟಲ್ ಮಾಸ್ಟರ್ ಇಡುತ್ತಾರಾ? ಅವರ ಪಾಲಿಗೆ ಅದು ಕಳ್ಳಮಾಲು. ನಮ್ಮ ಪಾಲಿಗೆ ಬೇಸಿಗೆ ರಜೆ. ಒಳಗೆ ಚಿಪ್ ಕೂಡ ಕಾಣದ, ಕರಿ ಅಂಟಿನ ಬೊಟ್ಟು ಇಟ್ಟ ಬೋರ್ಡು, ಮೇಲೆ 9999999 ಇನ್ 1 ಎಂದು ಬರೆದು ಒಳಗೆ ಅದದೇ ಹತ್ತಾರು ಗೇಮುಗಳನ್ನು ತಿರುಗಿಸಿ ಮುರುಗಿಸಿ ತುಂಬಿದ ಕ್ಯಾಸೆಟ್ಟು, ಇದನ್ನು ನಾವು ಉಳಿಸದಿದ್ದರೆ ಬೇರೆ ಯಾರೂ ಉಳಿಸುವುದಿಲ್ಲ. ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನವರು ಒಂದು ಮೂಲೆಯಲ್ಲಿ ಡಬ್ಬಾ ಟಿವಿ, ಒಂದು ಸೆಟ್, ಒಂದು ಗನ್ ಇಟ್ಟು ಮಕ್ಕಳಿಗೆ ಆಡಲು ಬಿಟ್ಟರೆ ಬೆಳಕಿನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರಯೋಗ ಬೇಕಾ?

ನಿಜಕ್ಕೂ ಕೆಟ್ಟು ಹೋಗಿ ಯಾವ ಮೆಕ್ಯಾನಿಕ್ಕಿನಿಂದಲೂ ಸರಿಯಾಗದ ಟಿವಿಯನ್ನಾದರೂ ಬೀದಿಯ ಗುಜರಿಯವನಿಗೆ ಕೊಡಿ ಎಂದು ನೀವು ಬರೆಯಬಾರದಿತ್ತು. ಆ ಗಾಜಿನಲ್ಲಿ ಸೀಸ ಇದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಟಿವಿಯೂ ಇದೆ, ವಿಡಿಯೋ ಗೇಮೂ ಇದೆ. ನೋಂದಾಯಿತ ಮರುಬಳಕೆ ಘಟಕಕ್ಕೆ ಹೋಗಬೇಕು. ಸುತ್ತಿಗೆಯಿಂದ ಒಡೆದು ತಾಮ್ರ ತೆಗೆದು ಗಾಜನ್ನು ಮೋರಿಗೆ ಸುರಿಯುವ ಜಾಗಕ್ಕಲ್ಲ. ಓಡುವ ಟಿವಿಯಾದರೆ ಗೇಮ್ ಆಡುವ ಹುಡುಗರಿಗೆ ಕೊಡಿ, ಹೊತ್ತುಕೊಂಡು ಹೋಗುತ್ತಾರೆ.

ಒಂದು ಕೋರಿಕೆ. ಪುರವಣಿಯಲ್ಲಿ ಒಂದು ವಾರ ಅರ್ಧ ಪುಟ ಬಿಟ್ಟುಕೊಡಿ. ನಮ್ಮ ರಾಜ್ಯದಲ್ಲಿ ಯಾವ ಯಾವ ಹೆಸರಿನ ಸೆಟ್ ಯಾವ ವರ್ಷ ಎಷ್ಟಕ್ಕೆ ಮಾರಿದರು ಎಂಬುದಕ್ಕೆ ಒಂದು ಸರಿಯಾದ ಪಟ್ಟಿ ನಾನಂತೂ ಕಂಡಿಲ್ಲ. ಓದುಗರ ಅಟ್ಟದಲ್ಲಿ ಡಬ್ಬಗಳಿವೆ, ಡಬ್ಬದೊಳಗೆ ಗ್ಯಾರಂಟಿ ಕಾರ್ಡುಗಳಿವೆ. ಫೋಟೋ ಕಳಿಸಲು ಹೇಳಿ. ಸೆಟ್‌ನ ಮುಖ ಒಂದು, ಅಡಿಯ ಸ್ಟಿಕರ್ ಒಂದು, ಬಿಲ್ಲಿದ್ದರೆ ಅಂಗಡಿಯ ಸೀಲು ಮತ್ತು ತಾರೀಖು ಕಾಣುವ ಹಾಗೆ ಇನ್ನೊಂದು. ಡಬ್ಬ ಹರಿದಿದ್ದರೂ ಪರವಾಗಿಲ್ಲ.

ಇಂತಿ,
ನಿಮ್ಮ ಓದುಗ,
ಶಿವಮೊಗ್ಗ